ಒಂದನೇ ಸಂಚಿಕೆ ಯಾವುದು?

ಸೂಪರ್‌ಹೀರೋಯಿನ್ ಕಾಮಿಕ್ಸ್ ಓದಬೇಕು ಅಂತ ಹೊರಟವರೆಲ್ಲ ಕೇಳುವ ಪ್ರಶ್ನೆ ಒಂದೇ: ಎಲ್ಲಿಂದ ಶುರು ಮಾಡಲಿ? ಗೊತ್ತಿದ್ದವರು ಥಟ್ಟನೆ ಕೊಡುವ ಉತ್ತರವೂ ಒಂದೇ: ಒಂದನೇ ಸಂಚಿಕೆಯಿಂದ. ಈ ಉತ್ತರ ಕೇಳಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಯಾಕೆಂದರೆ ‘ವಂಡರ್ ವುಮನ್’ ಹೆಸರಿನ ಮಾಲಿಕೆಗೆ ಒಂದನೇ ಸಂಚಿಕೆಗಳೇ ಆರು ಇವೆ. 1942ರದ್ದೊಂದು, 1987ರದ್ದೊಂದು, ಆಮೇಲೆ 2006, 2011, 2016, 2023. ಹೋಗಲಿ, ಎಲ್ಲಕ್ಕಿಂತ ಹಳೆಯದನ್ನೇ ಹಿಡಿಯೋಣ ಅಂದರೆ ಅದೂ ಅವಳ ಮೊದಲ ಕಥೆಯಲ್ಲ; ಅವಳು ಮೊದಲು ಕಾಣಿಸಿಕೊಂಡದ್ದು 1941ರ ಕೊನೆಯಲ್ಲಿ ಬಂದ ‘ಆಲ್ ಸ್ಟಾರ್ ಕಾಮಿಕ್ಸ್’ನ 8ನೇ ಸಂಚಿಕೆಯಲ್ಲಿ. 2006ರಲ್ಲಿ ಶುರುವಾದ ಮಾಲಿಕೆಯಂತೂ 44ನೇ ಸಂಚಿಕೆ ಮುಗಿಯುತ್ತಲೇ, ಹಳೆಯ ಸಂಚಿಕೆಗಳನ್ನೆಲ್ಲ ಕೂಡಿಸಿ ಎಣಿಸಿ, ಒಮ್ಮೆಲೇ 600ಕ್ಕೆ ಹಾರಿತು. ಕಪಾಟಿನ ಮುಂದೆ ನಿಂತ ಹೊಸಬರು ಕಂಗಾಲಾಗದೆ ಇನ್ನೇನು?

ಆಗ ಅವರು ಓದುವ ಕ್ರಮದ ಪಟ್ಟಿ ಹುಡುಕಿಕೊಂಡು ಹೋಗುತ್ತಾರೆ. ಇನ್ನೂರು ಮುನ್ನೂರು ಸಾಲಿನ ಪಟ್ಟಿ ಸಿಗುತ್ತದೆ. ಅದರ ಅರ್ಧಕ್ಕರ್ಧ ಬೇರೆಯವರ ಮಾಲಿಕೆಗಳ ಸಂಚಿಕೆಗಳು. ಇಷ್ಟೂ ಓದಿದರೆ ಮಾತ್ರ ಮುಂದಿನದು ಅರ್ಥವಾಗುತ್ತದೆ ಅನ್ನುವ ಹೆದರಿಕೆ ಹುಟ್ಟಿ, ಓದುವ ಮೊದಲೇ ಸುಸ್ತಾಗಿ ಕೈಬಿಡುತ್ತಾರೆ. ಹತ್ತಿಪ್ಪತ್ತು ವರ್ಷದ ನಂತರ ಮತ್ತೆ ಓದಲು ಬರುವವರ ಪಾಡು ಇನ್ನೂ ಕಷ್ಟ. ತಪ್ಪಿಹೋದದ್ದನ್ನೆಲ್ಲ ಓದಿ ಮುಗಿಸಬೇಕಾದ ಸಾಲದ ಹಾಗೆ ಅದು ಅವರ ತಲೆಯ ಮೇಲೆ ಕೂತಿರುತ್ತದೆ. ಆ ಸಾಲ ಯಾರೂ ತೀರಿಸಬೇಕಾಗಿಲ್ಲ.

ಹೆಸರಿನ ಬೆನ್ನು ಹತ್ತಬೇಡಿ

ಕಾಮಿಕ್ಸ್ ಓದುವವರ ಬಾಯಲ್ಲಿ ‘ರನ್’ ಎಂಬ ಮಾತು ಸದಾ ಇರುತ್ತದೆ. ಒಂದು ಮಾಲಿಕೆಯನ್ನು ಒಬ್ಬ ಬರಹಗಾರ್ತಿ ಅಥವಾ ಬರಹಗಾರ ಬಿಡದೆ ಬರೆದ ಅವಧಿಗೆ ಹಾಗೆ ಹೇಳುತ್ತಾರೆ. ತಿಂಗಳಿಗೊಂದು ಸಂಚಿಕೆ, ಸಂಚಿಕೆಗೆ ಸುಮಾರು 20 ಪುಟ ಕಥೆ, ಐದಾರು ಸಂಚಿಕೆ ಸೇರಿದರೆ ಒಂದು ಪೇಪರ್‌ಬ್ಯಾಕ್ ಸಂಪುಟ. ಒಳ್ಳೆಯ ರನ್ ಎರಡರಿಂದ ಐದು ವರ್ಷ ನಡೆಯುತ್ತದೆ. ಅದಕ್ಕೆ ತನ್ನದೇ ಆದ ಆರಂಭ, ತನ್ನದೇ ಆದ ಮುಕ್ತಾಯ ಇರುತ್ತದೆ. ಹೊಸಬರು ಹಿಡಿಯಬೇಕಾದದ್ದು ಇದನ್ನು. ಪಾತ್ರದ ಹೆಸರು ಹಿಡಿದು ಹೋದರೆ ದಾರಿ ತಪ್ಪುತ್ತದೆ, ಬರೆದವರ ಮತ್ತು ಚಿತ್ರ ಬಿಡಿಸಿದವರ ಹೆಸರು ಹಿಡಿದರೆ ತಪ್ಪುವುದಿಲ್ಲ.

ನಾಯಕಿಯರ ಕಾಮಿಕ್ಸ್‌ನಲ್ಲಿ ಈ ಮಾತು ಇನ್ನೂ ಹೆಚ್ಚು ನಿಜ. ಇಲ್ಲಿ ಹೆಸರುಗಳು ಕೈಯಿಂದ ಕೈಗೆ ದಾಟುತ್ತವೆ. 1977ರ ‘ಮಿಸ್ ಮಾರ್ವೆಲ್’ ಕ್ಯಾರೋಲ್ ಡ್ಯಾನ್ವರ್ಸ್, 2014ರ ‘ಮಿಸ್ ಮಾರ್ವೆಲ್’ ಕಮಲಾ ಖಾನ್. ‘ಬ್ಯಾಟ್‌ಗರ್ಲ್’ ಅಂದರೆ 1967ರಿಂದ ಬಾರ್ಬರಾ ಗಾರ್ಡನ್, 2000ದ ಮಾಲಿಕೆಯಲ್ಲಿ ಕ್ಯಾಸಾಂಡ್ರಾ ಕೇನ್, 2009ರದ್ದರಲ್ಲಿ ಸ್ಟೆಫನಿ ಬ್ರೌನ್, 2011ರಲ್ಲಿ ಮತ್ತೆ ಬಾರ್ಬರಾ. ಮಾಲಿಕೆಗಳು ನಿಲ್ಲುವುದು, ಮತ್ತೆ ಒಂದರಿಂದ ಶುರುವಾಗುವುದು ಇಲ್ಲಿ ನಿತ್ಯದ ಸಂಗತಿ. ಕ್ಯಾರೋಲ್ ನಾಯಕಿಯಾಗಿರುವ ‘ಕ್ಯಾಪ್ಟನ್ ಮಾರ್ವೆಲ್’ ಹೆಸರಿನ ಮಾಲಿಕೆಯೇ 2012, 2014, 2016, 2019, 2023 ಹೀಗೆ ಐದು ಸಲ ಒಂದರಿಂದ ಶುರುವಾಗಿದೆ. ಈ ಕಡಿದು ಕೂಡಿಸುವ ಆಟ ಅಭಿಮಾನಿಗಳಿಗೆ ನೋವಿನ ವಿಷಯ, ಒಪ್ಪುತ್ತೇನೆ. ಹೊಸ ಓದುಗರಿಗೆ ಮಾತ್ರ ಅದರಿಂದ ಒಂದು ಅನುಕೂಲವಾಗಿದೆ. ಪ್ರತಿ ಸಲ ಶುರುವಾದಾಗಲೂ ಯಾರೋ ಒಬ್ಬರು ಗೊತ್ತಿಲ್ಲದವರಿಗಾಗಿ ಕಥೆಯನ್ನು ಮೊದಲಿನಿಂದ ಹೇಳಿದ್ದಾರೆ.

ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಒಂದೇ. ಸಂಪುಟದ ಹಿಂಬದಿ ಅಥವಾ ಒಳಗಿನ ಹಕ್ಕುಸ್ವಾಮ್ಯದ ಪುಟ ನೋಡಿ. ಯಾವ ಮಾಲಿಕೆಯ, ಯಾವ ವರ್ಷದ, ಎಷ್ಟರಿಂದ ಎಷ್ಟನೇ ಸಂಚಿಕೆ ಅದರಲ್ಲಿದೆ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಮುಖಪುಟದ ‘ಸಂಪುಟ 1’ ಅನ್ನುವುದನ್ನು ಅದಕ್ಕಿಂತ ಹೆಚ್ಚು ನಂಬಬೇಡಿ. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ.

ಕಮಲಾ ಮತ್ತು ಬಿಗಿಯುವ ಬೂಟು

ಕಾಮಿಕ್ಸ್ ಎಂದೂ ಓದದವರ ಕೈಗೆ ಒಂದೇ ಪುಸ್ತಕ ಕೊಡಬೇಕೆಂದರೆ ನಾನು ಕೊಡುವುದು ‘ಮಿಸ್ ಮಾರ್ವೆಲ್: ನೋ ನಾರ್ಮಲ್’. ಬರೆದವರು ಜಿ. ವಿಲೋ ವಿಲ್ಸನ್, ಚಿತ್ರ ಏಡ್ರಿಯನ್ ಅಲ್ಫೋನಾ, ಬಣ್ಣ ಇಯಾನ್ ಹೆರಿಂಗ್. 2014ರ ಮಾಲಿಕೆಯ ಮೊದಲ ಐದು ಸಂಚಿಕೆಗಳು ಇದರಲ್ಲಿವೆ. 2015ರಲ್ಲಿ, ವಿಜ್ಞಾನ ಕಥೆ ಮತ್ತು ಫ್ಯಾಂಟಸಿಗೆ ಕೊಡುವ ಹ್ಯೂಗೋ ಪ್ರಶಸ್ತಿಯೂ ಬಂತು. ಜೆರ್ಸಿ ಸಿಟಿಯ ಹದಿನಾರರ ಹುಡುಗಿ ಕಮಲಾ, ಪಾಕಿಸ್ತಾನಿ ಮೂಲದ ಮುಸ್ಲಿಂ ಮನೆತನದವಳು, ಸೂಪರ್‌ಹೀರೋಗಳ ಕಥೆ ಬರೆಯುವ ಹುಚ್ಚಿನವಳು. ಮೊದಲ ದೃಶ್ಯದಲ್ಲೇ ಅಂಗಡಿಯಲ್ಲಿ ನಿಂತು ತಾನು ತಿನ್ನಬಾರದ ಹಂದಿಮಾಂಸದ ಸ್ಯಾಂಡ್‌ವಿಚ್‌ನ ವಾಸನೆ ಮಾತ್ರ ತೆಗೆದುಕೊಳ್ಳುತ್ತಿರುತ್ತಾಳೆ. ಅವಳ ಇಡೀ ಪರಿಸ್ಥಿತಿ ಆ ಒಂದು ಚಿತ್ರದಲ್ಲಿದೆ. ಬೇಕು, ಆದರೆ ಮುಟ್ಟುವ ಹಾಗಿಲ್ಲ.

ಅದೇ ಸಂಚಿಕೆಯಲ್ಲಿ ಅವಳು ಮನೆಯವರ ಕಣ್ಣು ತಪ್ಪಿಸಿ ಪಾರ್ಟಿಗೆ ಹೋಗುತ್ತಾಳೆ, ಅಲ್ಲಿ ಅವಮಾನವಾಗಿ ಹೊರಗೆ ಬರುತ್ತಾಳೆ. ಊರನ್ನೆಲ್ಲ ಮಂಜು ಕವಿಯುತ್ತದೆ. ಮಂಜಿನೊಳಗೆ ಕ್ಯಾಪ್ಟನ್ ಮಾರ್ವೆಲ್ ಕಾಣಿಸಿಕೊಂಡು ಅಮೀರ್ ಖುಸ್ರೋನ ಸಾಸಿವೆ ಹೂವಿನ ಹಾಡನ್ನು ಹೇಳುತ್ತಾಳೆ. ಏನು ಬೇಕು ಅಂತ ಕೇಳಿದಾಗ ಕಮಲಾ, ನಿನ್ನ ಹಾಗೆ ಆಗಬೇಕು ಅನ್ನುತ್ತಾಳೆ. ಮಂಜು ಸರಿದಾಗ ಹಾಗೇ ಆಗಿರುತ್ತಾಳೆ: ಹೊಂಬಣ್ಣದ ಕೂದಲು, ಬಿಳಿ ಚರ್ಮ, ತೊಡೆಯವರೆಗಿನ ಬೂಟು. ಎರಡನೇ ಸಂಚಿಕೆಯಲ್ಲಿ ಅದೇ ವೇಷದಲ್ಲಿ, ಬೃಹತ್ತಾಗಿ ಬೆಳೆದ ತನ್ನ ಕೈಯಿಂದ, ನೀರಿಗೆ ಬಿದ್ದ ಹುಡುಗಿಯೊಬ್ಬಳನ್ನು ಎತ್ತುತ್ತಾಳೆ. ಬೂಟು ಬಿಗಿಯುತ್ತದೆ, ಉಡುಪು ಹಿಂಸೆಯಾಗುತ್ತದೆ, ಬೇರೆಯವಳಾಗಿರುವುದೇ ದಣಿವು ಅಂತ ಅವಳಿಗೆ ಅರಿವಾಗುತ್ತದೆ. ಮುಂದೆ ಮೈಮುಚ್ಚುವ ತನ್ನ ಈಜುಡುಗೆಯಿಂದಲೇ ತನ್ನ ವೇಷ ಮಾಡಿಕೊಳ್ಳುತ್ತಾಳೆ. ಶಕ್ತಿ ಬಂದ ಕೂಡಲೇ ಬೇರೆಯವಳಾಗಲು ಹೋಗಿ, ಆ ಬೇರೆಯವಳು ಮೈಗೆ ಒಗ್ಗದೆ ತನ್ನ ಬಟ್ಟೆಗೆ ಮರಳುವ ಈ ಭಾಗ ಸೂಪರ್‌ಹೀರೋ ಕಥೆಗಳ ಅತ್ಯುತ್ತಮ ಆರಂಭಗಳಲ್ಲಿ ಒಂದು ಅಂತ ನನ್ನ ದೃಢ ನಂಬಿಕೆ. ಓದುವಾಗ ಅಲ್ಫೋನಾ ಹಿನ್ನೆಲೆಯಲ್ಲಿ ಬಿಡಿಸಿದ್ದನ್ನು ಬಿಡಬೇಡಿ. ಗೋಡೆಯ ಫಲಕ, ಡಬ್ಬದ ಮೇಲಿನ ಹೆಸರು, ಮೂಲೆಯಲ್ಲಿ ಹೋಗುತ್ತಿರುವ ಪ್ರಾಣಿ, ಎಲ್ಲದರಲ್ಲೂ ತಮಾಷೆ ಅಡಗಿದೆ.

ಮುಂದುವರಿಯುವ ರೀತಿ ಹೀಗೆ. ವಿಲ್ಸನ್ ಅವರ ರನ್ ಎರಡು ಮಾಲಿಕೆಗಳಲ್ಲಿ ಹರಡಿದೆ: ಮೊದಲನೆಯದು 19 ಸಂಚಿಕೆ, ಎರಡನೆಯದು 38. ಸಂಪುಟಗಳಿಗೆ ಮಾತ್ರ 1ರಿಂದ 10ರವರೆಗೆ ನೇರ ಸಂಖ್ಯೆ ಕೊಟ್ಟಿದ್ದಾರೆ, ಹಾಗಾಗಿ ಗೊಂದಲವಿಲ್ಲ. ಎಡವುವ ಜಾಗ ಎರಡು. ನಾಲ್ಕನೇ ಸಂಪುಟದಲ್ಲಿ ಆಕಾಶದಲ್ಲಿ ಇನ್ನೊಂದು ಭೂಮಿ ಬಂದು ನಿಲ್ಲುತ್ತದೆ, ಆರನೆಯದರಲ್ಲಿ ಹೀರೋಗಳೇ ಎರಡು ಬಣವಾಗಿ ಹೊಡೆದಾಡುತ್ತಾರೆ. ಇವು ಪ್ರಕಾಶಕರಾದ ಮಾರ್ವೆಲ್‌ನವರ ಇಡೀ ಕಥಾಜಗತ್ತಿನಲ್ಲಿ ಆಗ ನಡೆಯುತ್ತಿದ್ದ ದೊಡ್ಡ ಕಥೆಗಳ ತುಣುಕುಗಳು. ಆ ದೊಡ್ಡ ಕಥೆಗಳನ್ನು ಹುಡುಕಿಕೊಂಡು ಹೋಗಬೇಡಿ. ಮೊದಲ ಪುಟದ ‘ಇಲ್ಲಿಯವರೆಗೆ’ ಓದಿಕೊಂಡು ಮುಂದೆ ಸಾಗಿ, ಅಷ್ಟು ಸಾಕು. ನಾಲ್ಕನೇ ಸಂಪುಟದಲ್ಲಿ ನೆನಪಿನಲ್ಲಿ ಉಳಿಯುವುದು ಹೇಗೂ ಕುಸಿಯುವ ಆಕಾಶವಲ್ಲ, ತಾಯಿ ಮತ್ತು ಮಗಳ ನಡುವಿನ ಒಂದು ಮಾತುಕತೆ.

ಒಂದೇ ಪುಸ್ತಕದಲ್ಲಿ ಮುಗಿಯುವವು

ಹತ್ತು ಸಂಪುಟ ಅಂದರೆ ಭಯವಾಗುವವರಿಗೆ ಎರಡು ಪುಸ್ತಕ ಹೇಳುತ್ತೇನೆ. ಒಂದು ‘ಸೂಪರ್‌ಗರ್ಲ್: ವುಮನ್ ಆಫ್ ಟುಮಾರೋ’, 2021–22ರಲ್ಲಿ ಬಂದ ಎಂಟು ಸಂಚಿಕೆ. ಬರಹ ಟಾಮ್ ಕಿಂಗ್, ಚಿತ್ರ ಬಿಲ್ಕಿಸ್ ಎವ್ಲಿ, ಬಣ್ಣ ಮಾಥ್ಯೂಸ್ ಲೋಪೆಸ್. ತಂದೆಯನ್ನು ಕೊಂದವನನ್ನು ಹುಡುಕಿ ಹೊರಟ ರೂಥಿ ಎಂಬ ಹುಡುಗಿ, ತನ್ನ ಇಪ್ಪತ್ತೊಂದನೇ ಹುಟ್ಟುಹಬ್ಬಕ್ಕೆ ಕುಡಿಯಲೆಂದೇ ಕೆಂಪು ಸೂರ್ಯನ ಗ್ರಹಕ್ಕೆ ಬಂದ ಕಾರಾ, ಅಂದರೆ ಸೂಪರ್‌ಗರ್ಲ್. ಕೆಂಪು ಸೂರ್ಯನ ಕೆಳಗೆ ಅವಳ ಶಕ್ತಿ ಕೆಲಸ ಮಾಡುವುದಿಲ್ಲ, ಅದಕ್ಕೇ ಅಲ್ಲಿ ಅಮಲೇರುತ್ತದೆ. ಅವಳ ಬಂಧು ಸೂಪರ್‌ಮ್ಯಾನ್ ಕೂಸಾಗಿದ್ದಾಗಲೇ ಭೂಮಿಗೆ ಬಂದವನು, ಅವನಿಗೆ ತಾನು ಹುಟ್ಟಿದ ಕ್ರಿಪ್ಟಾನ್ ಗ್ರಹದ ನೆನಪಿಲ್ಲ. ಕಾರಾ ತನ್ನವರೆಲ್ಲ ಸಾಯುವುದನ್ನು ಕಣ್ಣಾರೆ ಕಂಡವಳು. ಈ ಒಂದು ವ್ಯತ್ಯಾಸದ ಮೇಲೆ ಇಡೀ ಪುಸ್ತಕ ನಿಂತಿದೆ. ಕಥೆ ಹೇಳುವವಳು ವಯಸ್ಸಾದ ರೂಥಿ. ಅವಳ ಮಾತು ಹಳೆಯ ಕಾಲದ ಧಾಟಿಯದು, ವಾಕ್ಯಗಳು ಉದ್ದ. ಮೊದಲ ಸಂಚಿಕೆಯಲ್ಲಿ ಅದು ಭಾರ ಅನ್ನಿಸಿದರೆ ಬಿಡಬೇಡಿ, ಎರಡನೆಯದರ ಹೊತ್ತಿಗೆ ಕಿವಿ ಹೊಂದಿಕೊಳ್ಳುತ್ತದೆ. ಒಂದೇ ಸಲ ಎಂಟೂ ಓದುವುದಕ್ಕಿಂತ ದಿನಕ್ಕೆ ಒಂದೋ ಎರಡೋ ಓದಿದರೆ ರುಚಿ ಹೆಚ್ಚು.

ಇನ್ನೊಂದು ‘ಫಾರ್ ಸೆಕ್ಟರ್’. ಎನ್. ಕೆ. ಜೆಮಿಸಿನ್ ಬರೆದು ಜಮಾಲ್ ಕ್ಯಾಂಪ್‌ಬೆಲ್ ಚಿತ್ರ ಬಿಡಿಸಿದ 12 ಸಂಚಿಕೆ, 2019ರಿಂದ 2021. ಭೂಮಿಯಿಂದ ಬಹುದೂರದ, ಎರಡು ಸಾವಿರ ಕೋಟಿ ಜನರ ನಗರದಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾದ ಗ್ರೀನ್ ಲ್ಯಾಂಟರ್ನ್, ಅಂದರೆ ಬಾಹ್ಯಾಕಾಶ ಕಾಯುವ ಪಡೆಯವಳು, ಜೋ ಮಲ್ಲೀನ್. ಭಾವನೆಗಳನ್ನೇ ತೆಗೆದುಹಾಕಿ ಐನೂರು ವರ್ಷ ಶಾಂತಿ ಕಾಪಾಡಿಕೊಂಡ ಊರಿನಲ್ಲಿ ಕೊಲೆಯಾಗುತ್ತದೆ. ಗ್ರೀನ್ ಲ್ಯಾಂಟರ್ನ್ ಅಂದರೆ ಏನೆಂದೇ ಗೊತ್ತಿಲ್ಲದವರೂ ಓದಬಹುದು, ಕಥೆ ನಡೆಯುವ ಜಾಗಕ್ಕೂ ಪ್ರಕಾಶಕರಾದ ಡಿಸಿಯವರ ಉಳಿದ ಕಥಾಜಗತ್ತಿಗೂ ಅಷ್ಟು ಅಂತರ.

ನಗು ಬೇಕಾದವರಿಗೆ ರಯನ್ ನಾರ್ತ್ ಮತ್ತು ಎರಿಕಾ ಹೆಂಡರ್ಸನ್ ಅವರ ‘ದಿ ಅನ್‌ಬೀಟಬಲ್ ಸ್ಕ್ವಿರಲ್ ಗರ್ಲ್’ ಇದೆ. ಕಂಪ್ಯೂಟರ್ ಸೈನ್ಸ್ ಓದುವ ಅಳಿಲು-ಹುಡುಗಿ. ಗ್ರಹಗಳನ್ನೇ ನುಂಗುವ ಗ್ಯಾಲಕ್ಟಸ್‌ನಂಥವನ ಹಸಿವನ್ನೂ ಮಾತಾಡಿ, ಅರ್ಥಮಾಡಿಕೊಂಡು ತೀರಿಸುತ್ತಾಳೆ. ಮಕ್ಕಳೂ ಓದಬಹುದು. ಪುಟದ ಕೆಳಗೆ ತಿಳಿ ಬಣ್ಣದ ಸಣ್ಣ ಅಕ್ಷರದಲ್ಲಿ ಅಡಿಟಿಪ್ಪಣಿ ಇರುತ್ತದೆ, ಅರ್ಧ ತಮಾಷೆ ಅಲ್ಲೇ ಇರುವುದು. ಫೋನಿನಲ್ಲಿ ಓದಿದರೆ ಅದು ಕಣ್ಣಿಗೇ ಬೀಳುವುದಿಲ್ಲ, ಇದನ್ನು ಅಚ್ಚಾದ ಪುಸ್ತಕದಲ್ಲೇ ಓದಿ. ವಕೀಲೆಯ ಕಥೆ ಬೇಕೆಂದರೆ ಸ್ವತಃ ವಕೀಲರಾಗಿದ್ದ ಚಾರ್ಲ್ಸ್ ಸೋಲ್ ಬರೆದ 2014ರ ‘ಶೀ-ಹಲ್ಕ್’, 12 ಸಂಚಿಕೆ. ಹವಿಯೇರ್ ಪುಲಿಡೋ ಚಿತ್ರಗಳು. ನಡುವೆ 5 ಮತ್ತು 6ನೇ ಸಂಚಿಕೆಗೆ ರಾನ್ ವಿಂಬರ್ಲಿ ಬರುತ್ತಾರೆ, ಮುಖ ಮೈಕಟ್ಟು ಎಲ್ಲ ಬದಲಾಗುತ್ತದೆ. ಪುಸ್ತಕ ಕೆಟ್ಟಿತು ಅಂದುಕೊಳ್ಳಬೇಡಿ, ತಿಂಗಳ ಗಡುವಿಗೆ ಓಡುವ ಮಾಲಿಕೆಗಳಲ್ಲಿ ಚಿತ್ರಕಾರರು ಹೀಗೆ ಬದಲಾಗುವುದು ಮಾಮೂಲು.

ಪುಟ ಓದುವುದನ್ನು ಕಲಿಸುವ ಪುಸ್ತಕ

ಹೊಸಬರು ಸಾಮಾನ್ಯವಾಗಿ ಮಾತಿನ ಗುಳ್ಳೆಗಳನ್ನಷ್ಟೇ ಓದಿ ಪುಟ ತಿರುವುತ್ತಾರೆ. ಹಾಗೆ ಓದಿದರೆ ಒಂದು ಸಂಚಿಕೆ ಎಂಟು ನಿಮಿಷಕ್ಕೆ ಮುಗಿಯುತ್ತದೆ, ಇಷ್ಟೇನಾ ಅನ್ನಿಸುತ್ತದೆ. ಆ ಅಭ್ಯಾಸ ಬಿಡಿಸುವ ಪುಸ್ತಕ ‘ಬ್ಯಾಟ್‌ವುಮನ್: ಎಲಿಜಿ’. 2009–10ರ ‘ಡಿಟೆಕ್ಟಿವ್ ಕಾಮಿಕ್ಸ್’ನ 854ರಿಂದ 860ರವರೆಗಿನ ಸಂಚಿಕೆಗಳು. ಬರಹ ಗ್ರೆಗ್ ರುಕಾ, ಚಿತ್ರ ಜೆ. ಎಚ್. ವಿಲಿಯಮ್ಸ್, ಬಣ್ಣ ಡೇವ್ ಸ್ಟೂವರ್ಟ್, ಅಕ್ಷರ ಟಾಡ್ ಕ್ಲೈನ್. 854 ಅಂದ ಕೂಡಲೇ ಹಿಂದಿನ 853 ಓದಬೇಕೇನೋ ಅಂತ ಹೆದರಬೇಡಿ, ಒಂದನ್ನೂ ಓದಬೇಕಿಲ್ಲ.

ಕೇಟ್ ಕೇನ್ ಮುಖವಾಡ ಹಾಕಿಕೊಂಡು ಬ್ಯಾಟ್‌ವುಮನ್ ಆದಾಗ ಚೌಕಟ್ಟುಗಳು ಮುರಿಯುತ್ತವೆ. ಎರಡು ಪುಟಕ್ಕೂ ಚಾಚಿದ ಚಿತ್ರ, ಮಿಂಚಿನ ಹಾಗೆ ಅಂಕುಡೊಂಕಾದ ಗೆರೆಗಳು, ಬಾವಲಿಯ ರೆಕ್ಕೆಯ ಆಕಾರದಲ್ಲಿ ಕತ್ತರಿಸಿದ ಚೌಕಟ್ಟುಗಳು, ಕಪ್ಪು ಬಿಳುಪಿನ ನಡುವೆ ಕೆಂಪು. ಮುಖವಾಡ ತೆಗೆದಾಗ ಪುಟ ಶಾಂತವಾಗಿ ನೇರ ಚೌಕಗಳಿಗೆ ಮರಳುತ್ತದೆ. ಹಿಂದಿನ ಕಥೆ ಬಂದಾಗ ಬಣ್ಣ ಇನ್ನೂ ಸಪಾಟಾಗಿ, ಗೆರೆ ಇನ್ನೂ ಸರಳವಾಗುತ್ತದೆ. ಈಗ ಯಾವ ಕೇಟ್ ನಮ್ಮ ಎದುರಿಗಿದ್ದಾಳೆ ಅನ್ನುವುದನ್ನು ಒಂದು ಮಾತೂ ಓದದೆ ಹೇಳಬಹುದು. 859ನೇ ಸಂಚಿಕೆಯಲ್ಲಿ ಅವಳು ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಕೆಡೆಟ್. ಇನ್ನೊಬ್ಬ ಹೆಣ್ಣನ್ನು ಪ್ರೀತಿಸಿದ ಆರೋಪ ಬಂದಿದೆ. ಸಲಿಂಗಪ್ರೇಮಿಗಳು ಬಾಯಿ ಮುಚ್ಚಿಕೊಂಡಿದ್ದರೆ ಮಾತ್ರ ಅಮೆರಿಕದ ಸೇನೆಯಲ್ಲಿ ಇರಬಹುದು ಎಂಬ ನೀತಿ ಆಗ ಜಾರಿಯಲ್ಲಿತ್ತು, ಅದು ಕೊನೆಗೊಂಡದ್ದು 2011ರಲ್ಲಿ. ಸುಳ್ಳು ಅಂತ ಒಂದು ಮಾತು ಹೇಳಿದರೆ ಉಳಿಯುತ್ತಾಳೆ. ಕೆಡೆಟ್ ಸುಳ್ಳು ಹೇಳಬಾರದು ಎಂಬ ಅಕಾಡೆಮಿಯ ನಿಯಮವನ್ನೇ ಅವಳು ಎತ್ತಿ ಹೇಳುತ್ತಾಳೆ, ಬೆರಳಿನ ಉಂಗುರ ಕಳಚಿಕೊಡುತ್ತಾಳೆ. ಈ ದೃಶ್ಯದಲ್ಲಿ ಮಿಂಚಿಲ್ಲ, ರೆಕ್ಕೆಯಿಲ್ಲ. ಎರಡು ಮುಖ, ನೇರ ಚೌಕಟ್ಟು. ಅಬ್ಬರ ಬಲ್ಲ ಚಿತ್ರಕಾರ ಇಲ್ಲಿ ಕೈ ಬಿಗಿಹಿಡಿದದ್ದರಿಂದಲೇ ಅವಳ ಮಾತಿಗೆ ಅಷ್ಟು ತೂಕ ಬಂದಿದೆ.

ಇದನ್ನು ಓದುವಾಗ ಎರಡು ಎಚ್ಚರಿಕೆ. ಫೋನಿನಲ್ಲಿ ಒಂದೊಂದೇ ಚೌಕಟ್ಟು ತೋರಿಸುವ ‘ಗೈಡೆಡ್ ವ್ಯೂ’ ಬಂದ್ ಮಾಡಿಬಿಡಿ, ಟ್ಯಾಬ್ಲೆಟ್ ಅಡ್ಡ ಹಿಡಿದು ಎರಡು ಪುಟ ಒಟ್ಟಿಗೆ ಕಾಣುವ ಹಾಗೆ ಮಾಡಿಕೊಳ್ಳಿ. ಇಲ್ಲದಿದ್ದರೆ ಬಾವಲಿಯ ಆಕಾರವೇ ಕಾಣುವುದಿಲ್ಲ. ಅಚ್ಚಿನಲ್ಲಿ ಓದುವವರು ನೆನಪಿಡಿ: ಮೇಲಿನ ಸಾಲಿನ ಒಂದು ಚೌಕಟ್ಟು ಮಡಿಕೆ ದಾಟಿ ಬಲಪುಟಕ್ಕೆ ಹೋಗಿದ್ದರೆ ಎರಡೂ ಪುಟವನ್ನು ಅಡ್ಡಲಾಗಿ ಓದಬೇಕು. ದಾಟದಿದ್ದರೆ ಎಡಪುಟ ಪೂರ್ತಿ ಮುಗಿಸಿ ಬಲಕ್ಕೆ ಬರಬೇಕು. ಮಾತು ತಾಳೆಯಾಗುತ್ತಿಲ್ಲ ಅನ್ನಿಸಿದರೆ ತಪ್ಪಿರುವುದು ಬಹುತೇಕ ಇಲ್ಲೇ.

ಮರಳಿ ಬರುವವರಿಗೆ

ಎಂಬತ್ತು ತೊಂಬತ್ತರ ದಶಕದಲ್ಲಿ ಓದಿ ಬಿಟ್ಟವರಿಗೆ ಬೇಕಾದದ್ದು ಬೇರೆ. ಅವರಿಗೆ ಪಾತ್ರಗಳು ಗೊತ್ತು, ಈಗ ಯಾರು ಎಲ್ಲಿದ್ದಾರೆ ಅನ್ನುವುದು ಗೊತ್ತಿಲ್ಲ. ಅವರಿಗೆ ನನ್ನ ಸಲಹೆ, ನೆನಪಿರುವ ಪಾತ್ರವೊಂದು ಪೂರ್ತಿ ಹೊಸ ಜಾಗದಲ್ಲಿ ನಿಂತಿರುವ ರನ್ ಹಿಡಿಯಿರಿ. ಜೇನ್ ಫಾಸ್ಟರ್ ನೆನಪಿರಬಹುದು, 1962ರಿಂದ ಥಾರ್‌ನ ಕಥೆಗಳಲ್ಲಿ ಇದ್ದ ನರ್ಸ್. 2014ರಲ್ಲಿ ಜೇಸನ್ ಏರನ್ ಮತ್ತು ರಸಲ್ ಡೌಟರ್‌ಮ್ಯಾನ್ ಅವಳ ಕೈಗೆ ಥಾರ್‌ನ ಸುತ್ತಿಗೆ ಕೊಟ್ಟು ಅವಳನ್ನೇ ಥಾರ್ ಮಾಡಿದರು. ಅವಳಿಗೆ ಸ್ತನ ಕ್ಯಾನ್ಸರ್. ಥಾರ್ ಆಗಿ ಬದಲಾದಾಗಲೆಲ್ಲ ಆ ಶಕ್ತಿ ಮೈಯೊಳಗಿನ ವಿಷವನ್ನೆಲ್ಲ ಹೊರಹಾಕುತ್ತದೆ, ಕೀಮೋಥೆರಪಿಯ ಔಷಧಿಯನ್ನೂ ಸೇರಿಸಿ. ಕ್ಯಾನ್ಸರ್ ಮಾತ್ರ ಉಳಿಯುತ್ತದೆ. ಸುತ್ತಿಗೆ ಎತ್ತಿದಷ್ಟು ಸಲವೂ ಸಾವು ಹತ್ತಿರ, ಗೊತ್ತಿದ್ದೂ ಎತ್ತುತ್ತಾಳೆ. ‘ಥಾರ್’ 1ರಿಂದ 8, ಆಮೇಲೆ ‘ದಿ ಮೈಟಿ ಥಾರ್’ 1ರಿಂದ 23, ಅಲ್ಲಿಂದ ಸಂಖ್ಯೆ 700ಕ್ಕೆ ಹಾರಿ 706ಕ್ಕೆ ಮುಗಿಯುತ್ತದೆ. 24ನೇ ಸಂಚಿಕೆ ಹುಡುಕಿ ಸಮಯ ಹಾಳುಮಾಡಿಕೊಳ್ಳಬೇಡಿ, ಅದು ಇಲ್ಲ.

ಹಳೆಯದನ್ನೇ ಮತ್ತೆ ತೆಗೆಯುವ ಮನಸ್ಸಿದ್ದರೆ 1984ರ ‘ಅನ್‌ಕ್ಯಾನಿ ಎಕ್ಸ್-ಮೆನ್’ 186ನೇ ಸಂಚಿಕೆ. ಕ್ರಿಸ್ ಕ್ಲೇರ್ಮಾಂಟ್ ಬರಹ, ಬ್ಯಾರಿ ವಿಂಡ್ಸರ್-ಸ್ಮಿತ್ ಚಿತ್ರ. ಶಕ್ತಿ ಕಳೆದುಕೊಂಡ ಸ್ಟಾರ್ಮ್, ಅವಳನ್ನು ಆರೈಕೆ ಮಾಡುವ ಫೋರ್ಜ್; ಮುಖ್ಯ ಕಥೆ ಇವರಿಬ್ಬರ ಮಾತುಕತೆಯಲ್ಲೇ ನಡೆಯುತ್ತದೆ. ತನ್ನ ಶಕ್ತಿ ಕಸಿದ ಬಂದೂಕು ಮಾಡಿದವನು ಇವನೇ ಅಂತ ಅವಳಿಗೆ ತಿಳಿಯುವವರೆಗೆ. ಆ ಕಾಲದ ಬರಹದಲ್ಲಿ ಮಾತು ಬಹಳ, ಚಿತ್ರದಲ್ಲಿ ಕಾಣುವುದನ್ನೂ ಅಕ್ಷರದಲ್ಲಿ ಹೇಳುತ್ತಾರೆ. ನಿಧಾನಕ್ಕೆ ಓದಿ.

ಪಟ್ಟಿಗಳಲ್ಲಿ ‘ಓದಲೇಬೇಕು’ ಅಂತ ಬರುವ ಒಂದನ್ನು ಆರಂಭಕ್ಕೆ ಇಟ್ಟುಕೊಳ್ಳಬೇಡಿ ಅನ್ನುತ್ತೇನೆ. 1988ರ ಬ್ಯಾಟ್‌ಮ್ಯಾನ್ ಕಥೆ ‘ದಿ ಕಿಲ್ಲಿಂಗ್ ಜೋಕ್’ನಲ್ಲಿ ಬಾರ್ಬರಾ ಗಾರ್ಡನ್‌ಗೆ ಗುಂಡೇಟು ಬೀಳುತ್ತದೆ. ಕಥೆ ಆಮೇಲೆ ಅವಳನ್ನು ಬಿಟ್ಟು ಗಂಡಸರ ಹಿಂದೆ ಹೋಗುತ್ತದೆ. ಅವಳ ಕಥೆ ಬೇಕಾದವರು, ಗಾಲಿಕುರ್ಚಿಯಲ್ಲಿ ಕೂತು ಆರಕಲ್ ಎಂಬ ಹೆಸರಿನಲ್ಲಿ ಇಡೀ ತಂಡ ನಡೆಸುವ ‘ಬರ್ಡ್ಸ್ ಆಫ್ ಪ್ರೇ’ ಓದಿ. ಗೇಲ್ ಸಿಮೋನ್ ಅವರ ರನ್ 2003ರ 56ನೇ ಸಂಚಿಕೆಯಿಂದ ಶುರು. ಖಾಸಗಿ ಪತ್ತೇದಾರಿಣಿ ಜೆಸಿಕಾ ಜೋನ್ಸ್‌ಳ ‘ಏಲಿಯಸ್’, 2001ರಿಂದ 28 ಸಂಚಿಕೆ, ಬಹಳ ಒಳ್ಳೆಯದು. ಆದರೆ ದೊಡ್ಡವರಿಗೆ ಮಾತ್ರ. ಕೊನೆಯ ಐದು ಸಂಚಿಕೆಗಳಲ್ಲಿ ಒಬ್ಬಾಕೆಯ ಮನಸ್ಸನ್ನೇ ಇನ್ನೊಬ್ಬ ವಶಮಾಡಿಕೊಂಡ ಹಿಂಸೆಯ ನೆನಪಿದೆ, ಗೊತ್ತಿದ್ದು ಕೈಗೆತ್ತಿಕೊಳ್ಳಿ.

ಹಾಗಾದರೆ ಆ ಆರರಲ್ಲಿ ಯಾವುದು?

ವಂಡರ್ ವುಮನ್‌ಗೆ ಬರೋಣ. ಹಳೆಯ ಓದುಗರಿಗೆ 1987ರದ್ದು, ಜಾರ್ಜ್ ಪೆರೆಜ್ ಅವರದ್ದು. ಪ್ರತಿ ಚೌಕಟ್ಟಿನಲ್ಲೂ ಗ್ರೀಕ್ ದೇವತೆಗಳು ಕಿಕ್ಕಿರಿದು ತುಂಬಿರುತ್ತಾರೆ. ಹೊಸಬರಿಗೆ 2016ರದ್ದು. ಇದನ್ನು ಬರೆದವರು ‘ಎಲಿಜಿ’ಯ ಗ್ರೆಗ್ ರುಕಾ ಅವರೇ. ತಿಂಗಳಿಗೆ ಎರಡು ಸಂಚಿಕೆ ಬರುತ್ತಿದ್ದ ಕಾಲ ಅದು. ಒಬ್ಬ ಚಿತ್ರಕಾರನ ಕೈಯಲ್ಲಿ ಆಗದ ಕೆಲಸ, ಹಾಗಾಗಿ ಎರಡು ಕಥೆ ಒಂದರೊಳಗೊಂದು ಹೆಣೆದರು. ಬೆಸ ಸಂಚಿಕೆಗಳಲ್ಲಿ ಇಂದಿನ ಕಥೆ, ಲಿಯಾಮ್ ಶಾರ್ಪ್ ಚಿತ್ರ. ಸಮ ಸಂಚಿಕೆಗಳಲ್ಲಿ ಡಯಾನಾ, ಅಂದರೆ ವಂಡರ್ ವುಮನ್, ಮೊದಲ ಸಲ ನಮ್ಮ ಜಗತ್ತಿಗೆ ಬಂದ ಕಥೆ, ನಿಕೋಲಾ ಸ್ಕಾಟ್ ಚಿತ್ರ. ಸಂಪುಟ ಮಾಡುವಾಗ ಎರಡನ್ನೂ ಬೇರ್ಪಡಿಸಿದರು. ಬೆಸ ಸಂಚಿಕೆಗಳು ಮೊದಲನೇ ಸಂಪುಟ ‘ದಿ ಲೈಸ್’ ಆದವು. ಸಮ ಸಂಚಿಕೆಗಳು, ಅಂದರೆ ಕಥೆಯ ನಿಜವಾದ ಆರಂಭ, ಎರಡನೇ ಸಂಪುಟ ‘ಇಯರ್ ಒನ್’ ಆಯಿತು.

ಸಂಖ್ಯೆ ನಂಬಿ ಮೊದಲನೇ ಸಂಪುಟ ಹಿಡಿದವರು ಹತ್ತು ಪುಟಕ್ಕೇ ಗೊಂದಲಕ್ಕೆ ಬೀಳುತ್ತಾರೆ. ಅದು ನಡುವಿನಿಂದ ಶುರುವಾಗುವ ಕಥೆ, ತನ್ನ ನೆನಪುಗಳೇ ನಿಜವೋ ಸುಳ್ಳೋ ಅಂತ ಡಯಾನಾಳಿಗೇ ಅನುಮಾನ. ಎರಡನೇ ಸಂಪುಟದಿಂದ ಶುರು ಮಾಡಿ. ಅಲ್ಲಿ ಡಯಾನಾಳಿಗೆ ಇಂಗ್ಲಿಷ್ ಬರುವುದಿಲ್ಲ. ಅವಳು ಹೇಳುವುದು ಜೊತೆಗಿರುವ ಅಮೆರಿಕದ ಸೈನಿಕ ಸ್ಟೀವ್‌ಗೆ ತಿಳಿಯದು, ಅವನದು ಅವಳಿಗೆ ತಿಳಿಯದು. ಪುರಾತನ ಭಾಷೆಗಳನ್ನು ಓದಿಕೊಂಡ ಬಾರ್ಬರಾ ಆನ್ ಮಿನರ್ವಾ ಎಂಬ ಸಂಶೋಧಕಿಯನ್ನು ಕರೆಸುತ್ತಾರೆ. ಇಬ್ಬರೂ ಎದುರುಬದುರು ಕೂತು ಮಾತು ಜೋಡಿಸುತ್ತಾ ಹೋಗುತ್ತಾರೆ, ಗೆಳತಿಯರಾಗುತ್ತಾರೆ. ನಡುವೆ 8ನೇ ಸಂಚಿಕೆ, ಬಿಲ್ಕಿಸ್ ಎವ್ಲಿ ಚಿತ್ರ ಬಿಡಿಸಿದ್ದು, ಪೂರ್ತಿ ಬಾರ್ಬರಾಳ ಬಾಲ್ಯ ಮತ್ತು ಹುಡುಕಾಟದ್ದು. ಅವಳು ಮುಂದೆ ಏನಾಗುತ್ತಾಳೆ ಅನ್ನುವುದು ಹಳೆಯ ಓದುಗರಿಗೆ ಗೊತ್ತು. ಹೊಸಬರು ಯಾರನ್ನೂ ಕೇಳಬೇಡಿ. ‘ಇಯರ್ ಒನ್’ ಮುಗಿಸಿ ‘ದಿ ಲೈಸ್’ ತೆಗೆಯಿರಿ. ಕಾಡಿನೊಳಗೆ ಡಯಾನಾ ಹುಡುಕಿಕೊಂಡು ಹೋಗುವುದು ಇದೇ ಗೆಳತಿಯನ್ನು.